‘ನಾವೇನು ಕಡಿಮೆ ಮಾಡೀವ್ರೀ?’

ಹದಿಹರೆಯದ ಮಕ್ಕಳನ್ನು ರಾಯಚೂರಿನ ನಮ್ಮ ಕ್ಲಿನಿಕ್‌ಗೆ ಕರೆತರುವ ತಂದೆತಾಯಂದಿರಲ್ಲಿ ಹೆಚ್ಚಿನವರು ಕುರ್ಚಿಯಲ್ಲಿ ಕೂರುವ ಮೊದಲೇ ಕೇಳುವ ಪ್ರಶ್ನೆ ಇದು: ‘ನಾವೇನು ಕಡಿಮೆ ಮಾಡೀವ್ರೀ ಡಾಕ್ಟ್ರೇ?’ ಆಮೇಲೆ ಫೀ, ಹಾಸ್ಟೆಲ್, ಟ್ಯೂಷನ್, ಮೊಬೈಲ್ ಎಂದು ಲೆಕ್ಕ ಒಪ್ಪಿಸುತ್ತಾರೆ. ಭತ್ತದ ಬೆಲೆ ಬಿದ್ದ ವರ್ಷವೂ ಸಾಲ ಮಾಡಿ ಫೀ ಕಟ್ಟಿದವರನ್ನು ನಾನು ಬಲ್ಲೆ. ಅವರ ಕಷ್ಟವನ್ನು ಹಗುರವಾಗಿ ಕಾಣಲಾರೆ. ಆದರೆ ಮಕ್ಕಳ ಮನಸ್ಸಿಗೆ ಸಿಕ್ಕ ಬೆಂಬಲವನ್ನು ಈ ಲೆಕ್ಕದಿಂದ ಅಳೆಯಲು ಬರುವುದಿಲ್ಲ ಎಂಬುದನ್ನು ಎಷ್ಟು ಸಲ ಹೇಳಿದರೂ ಸಾಲದಾಗಿದೆ.

ಕೊಟ್ಟ ಬೆಂಬಲವನ್ನೂ ಪಡೆದವರ ಅನುಭವಕ್ಕೆ ಬಂದ ಬೆಂಬಲವನ್ನೂ ಮನಶ್ಶಾಸ್ತ್ರ ಬೇರೆಬೇರೆಯಾಗಿ ನೋಡುತ್ತದೆ. ಮಾನಸಿಕ ಆರೋಗ್ಯದೊಂದಿಗೆ ಹೆಚ್ಚು ಗಟ್ಟಿಯಾದ ನಂಟು ಕಂಡುಬಂದಿರುವುದು ಎರಡನೆಯದಕ್ಕೆ. ಈ ಎರಡನೆಯದನ್ನು ಅಳೆಯಲು ಮನಶ್ಶಾಸ್ತ್ರಜ್ಞ ಜಿಮೆಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ, ಇಂದಿಗೂ ಬಳಕೆಯಲ್ಲಿರುವ ಮಾಪನದಲ್ಲಿ ಮನೆಯವರು, ಗೆಳೆಯರು ಮತ್ತು ಆಪ್ತರೊಬ್ಬರ ಕುರಿತು ತಲಾ 4ರಂತೆ 12 ಹೇಳಿಕೆಗಳಿವೆ. ನನ್ನ ತೊಂದರೆಯನ್ನು ಮನೆಯಲ್ಲಿ ಹೇಳಿಕೊಳ್ಳಬಲ್ಲೆ, ನಿರ್ಧಾರ ಮಾಡುವಾಗ ಮನೆಯವರು ನೆರವಾಗುತ್ತಾರೆ ಎಂಬಂಥ ಹೇಳಿಕೆಗಳೇ ಹೊರತು ಖರ್ಚಿನ ಮಾತು ಅಲ್ಲಿ ಒಂದೂ ಇಲ್ಲ. ಹಾಗೆಂದು, ‘ನನಗ ಯಾರೂ ಇಲ್ಲ’ ಎಂದು ಮಗು ಹೇಳಿದ ಮಾತ್ರಕ್ಕೆ ಹೆತ್ತವರದೇ ತಪ್ಪು ಎಂದು ತೀರ್ಪು ಕೊಡಲಾಗದು. ಖಿನ್ನತೆ ಆವರಿಸಿದಾಗ ಇರುವ ಆಸರೆಯೂ ಕಾಣದೆ ಹೋಗಬಹುದು.

ಗುರುತು ಸಿಗದಂತೆ ವಿವರ ಬದಲಿಸಿ ಒಂದು ಪ್ರಸಂಗ ಹೇಳುತ್ತೇನೆ. ದೇವದುರ್ಗದ ಕಡೆಯ ದಂಪತಿ ಬೆಂಗಳೂರಿಗೆ ಗುಳೆ ಹೋಗಿದ್ದರು. ಪಿಯುಸಿ ಓದುತ್ತಿದ್ದ ಮಗಳು ಊರಲ್ಲಿ ಅಜ್ಜಿಯೊಂದಿಗಿದ್ದಳು. ಊಟ, ಕಾಲೇಜು ಎರಡನ್ನೂ ಬಿಟ್ಟು ಮಲಗಿರುತ್ತಿದ್ದ ಆಕೆಗೆ ತಂದೆ ದಿನವೂ ರಾತ್ರಿ ಫೋನ್ ಮಾಡಿ, ‘ಉಂಡೇನವ್ವಾ? ಓದಾಕತ್ತೀಯೇನು?’ ಎಂದು ಕೇಳಿ, ‘ಹ್ಞೂಂ’ ಎಂದೊಡನೆ ಇಟ್ಟುಬಿಡುತ್ತಿದ್ದರು. ಟೆಸ್ಟ್‌ನಲ್ಲಿ ಫೇಲಾದದ್ದನ್ನು ಯಾರಿಗೆ ಹೇಳಿದೆ ಎಂದು ನಾನು ಕೇಳಿದಾಗ ಹುಡುಗಿ ಬಾಗಿಲಾಚೆ ಕುಳಿತಿದ್ದ ಅಜ್ಜಿಯನ್ನು ತೋರಿಸಿದಳು. ಅಜ್ಜಿ ಮೊರದಲ್ಲಿ ಜೋಳ ಹಸನು ಮಾಡುತ್ತಲೇ, ಬುದ್ಧಿಮಾತು ಹೇಳದೆ, ‘ಆಮ್ಯಾಲೇನಾತವ್ವಾ?’ ಎಂದಷ್ಟೇ ಕೇಳುತ್ತಿದ್ದರಂತೆ. ‘ಆಕಿಗೇನ್ ತಿಳೀತದ್ರೀ, ಓದು ಬರಹ ಬರಂಗಿಲ್ಲ’ ಎಂದು ತಂದೆ ನಕ್ಕಾಗ ನನಗೆ ಸಿಟ್ಟು ಬಂದದ್ದು ನಿಜ. ಔಷಧದ ಜೊತೆಗೆ ಆಕೆಯ ಚಿಕಿತ್ಸೆಯಲ್ಲಿ ನಾನು ನೆಚ್ಚಿಕೊಂಡದ್ದು ಆ ಅಜ್ಜಿಯನ್ನೇ.

ತಂದೆಗೆ ಹೇಳಿದ್ದು ಇಷ್ಟೇ: ಫೋನಿನಲ್ಲಿ ಮೊದಲ ಸ್ವಲ್ಪ ಹೊತ್ತು ಓದು, ಅಂಕಗಳ ಸುದ್ದಿ ಬೇಡ, ಪಕ್ಕದ ಮನೆಯ ಹುಡುಗನ ಹೋಲಿಕೆಯಂತೂ ಎಂದಿಗೂ ಬೇಡ. ಗೆಳತಿಯರ ಸಹವಾಸದಿಂದಲೇ ಕೆಟ್ಟಳೆಂದು ಅವರನ್ನು ದೂರ ಮಾಡುವ ಮುನ್ನ, ಆಕೆಗೆ ಉಳಿದಿರುವವರು ಯಾರು ಎಂದು ಎಣಿಸಿ ನೋಡಿ.

ಕೇಳಿಸಿಕೊಳ್ಳುವುದರಿಂದಲೇ ಎಲ್ಲವೂ ಸರಿಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ನಿದ್ದೆ, ಊಟ, ಗೆಳೆತನಗಳಲ್ಲಿ ಎರಡು ವಾರ ಮೀರಿ ಬದಲಾವಣೆ ಕಂಡರೆ ಮನೋವೈದ್ಯರಿಗೆ ತೋರಿಸಬೇಕು. ಸಾಯುವ ಮಾತು ಬಂದರೆ ಅದೇ ದಿನ ಕರೆತರಬೇಕು, ಒಂಟಿಯಾಗಿ ಬಿಡಬಾರದು. ಆ ಬಗ್ಗೆ ನೇರವಾಗಿ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿಯೂ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲಿಯೂ ಮಾತನಾಡಬಹುದು. ಮಗು ಫೋನ್ ಮಾಡಲು ಒಪ್ಪದಿದ್ದರೆ ಹೆತ್ತವರೇ ಮಾಡಿ ವಿಚಾರಿಸಬಹುದು.