ಹೊಟ್ಟೆಯೊಳಗೊಂದು ಕಟ್ಟ

ನಮ್ಮ ಕಡೆ ಹೊಟ್ಟೆಯ ಎಲ್ಲ ಕಾಯಿಲೆಗೂ ಒಂದೇ ಹೆಸರು: ಗ್ಯಾಸ್. ಎದೆ ಉರಿದರೂ ಗ್ಯಾಸ್, ಬೆನ್ನು ಹಿಡಿದರೂ ಗ್ಯಾಸ್. ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಇರುವ ನಮ್ಮ ದೊಡ್ಡಮ್ಮನಿಗೆ ಹಲಸಿನ ಕಾಲದಲ್ಲಿ ಒಂದು ರಾತ್ರಿ ಹೊಟ್ಟೆನೋವು ಶುರುವಾದಾಗಲೂ ಅದೇ ತೀರ್ಪು. ಮಧ್ಯಾಹ್ನ ಹಲಸಿನಹಣ್ಣಿನ ಕೊಟ್ಟಿಗೆ, ಅಂದರೆ ಎಲೆಯಲ್ಲಿ ಬೇಯಿಸಿದ ಕಡುಬು, ಎರಡು ಜಾಸ್ತಿ ತಿಂದಿದ್ದರು, ಅಷ್ಟೇ ಸಾಕಲ್ವಾ? ಓಮದ ಕಷಾಯ ಆಯಿತು. ಎಣ್ಣೆ ತಿಕ್ಕಿದ್ದಾಯಿತು. ದೃಷ್ಟಿ ಎಂದು ಯಾರೋ ಹೇಳಿದರು. ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದ್ದೂ ಆಯಿತು. ಬೆಳಗ್ಗೆ ನಾನು ಹೋಗುವಾಗ ಹರಳೆಣ್ಣೆ ಲೋಟದಲ್ಲಿ ಸಿದ್ಧವಾಗಿತ್ತು.

ದೊಡ್ಡಮ್ಮ ವಾಂತಿ ಮಾಡುತ್ತಿದ್ದರು. ಮೊದಲು ಊಟ, ಆಮೇಲೆ ಹಸಿರು ಪಿತ್ತ. ನೋವು ಅಲೆಯ ಹಾಗೆ ಬರುತ್ತಿತ್ತು, ಎರಡು ನಿಮಿಷ ಹಿಂಡಿ ಹೋಗುತ್ತಿತ್ತು. ಹೊಟ್ಟೆ ಬಿಗಿದ ಚೆಂಡೆ. ನಾನು ಆ ಲೋಟವನ್ನು ತೆಂಗಿನಬುಡಕ್ಕೆ ಚೆಲ್ಲಿ ಕಾರು ತರಿಸಿದೆ. ಮನೆಯವರ ಕೋಪ ಇನ್ನೂ ಪೂರ್ತಿ ಇಳಿದಿಲ್ಲ.

ಹರಳೆಣ್ಣೆ ಯಾಕೆ ಬೇಡ ಅಂದರೆ, ಕಟ್ಟ ನೆನಪಿಸಿಕೊಳ್ಳಿ. ಮಳೆ ನಿಂತ ಮೇಲೆ ನಮ್ಮ ತೋಡುಗಳಿಗೆ ಅಡ್ಡಲಾಗಿ ಕಲ್ಲು ಮಣ್ಣು ಪೇರಿಸಿ ನೀರು ನಿಲ್ಲಿಸುತ್ತೇವಲ್ಲ, ಅದೇ ಕಟ್ಟ. ಮೇಲಿನ ಭಾಗ ತುಂಬುತ್ತದೆ, ಕೆಳಗಿನದು ಒಣಗುತ್ತದೆ. ಸಣ್ಣ ಕರುಳು ಕಟ್ಟಿಕೊಂಡಾಗಲೂ ಹಾಗೆಯೇ. ಗಾಳಿಯೂ ಸೇರುತ್ತದೆ, ಅದು ಹೆಚ್ಚಾಗಿ ನಾವೇ ನುಂಗಿದ್ದು. ಆದರೆ ನಿಜವಾದ ಆಟ ನೀರಿನದು. ದಿನಕ್ಕೆ ನಾವು ತಿಂದು ಕುಡಿಯುವುದು ಸುಮಾರು 2 ಲೀಟರ್. ಜೊಲ್ಲು, ಜಠರರಸ, ಪಿತ್ತ, ಮೇದೋಜೀರಕದ ರಸ, ಕರುಳಿನದೇ ರಸ ಎಂದು ದೇಹ ಒಳಗಿನಿಂದ ಸುರಿಯುವುದು ಇನ್ನೊಂದು 7 ಲೀಟರ್. ಮಾಮೂಲಿ ದಿನಗಳಲ್ಲಿ ಇದರಲ್ಲಿ ಬಹುಪಾಲನ್ನು ಕರುಳು ವಾಪಸ್ ಹೀರಿಕೊಳ್ಳುತ್ತದೆ. ದಾರಿ ಕಟ್ಟಿದರೆ ಹೀರುವುದು ಕಡಿಮೆ, ಸುರಿಯುವುದು ಜಾಸ್ತಿ. ರೋಗಿಗೆ ಬಾಯಾರುತ್ತದೆ, ನಾಡಿ ಓಡುತ್ತದೆ, ಮೂತ್ರ ಇಂಗುತ್ತದೆ. ಹೊಟ್ಟೆಯಲ್ಲಿ ಕೆರೆ, ಮೈಯಲ್ಲಿ ಬರ. ಇಂಥ ಹೊತ್ತಲ್ಲಿ ಭೇದಿಗೆ ಕೊಟ್ಟರೆ ಕಟ್ಟಕ್ಕೆ ಮೇಲಿನಿಂದ ಇನ್ನೊಂದು ತೋಡು ತಿರುಗಿಸಿದ ಹಾಗೆ.

"ಬೆಳಗ್ಗೆ ಒಂದು ಸಲ ಹೊರಕಡೆಗೆ ಹೋಗಿದೆಯಲ್ಲಾ, ಕಟ್ಟಿದ್ದರೆ ಹೋಗ್ತಿತ್ತಾ?" ಎಂದು ಮಾವ ವಾದಿಸಿದರು. ಹೋಗುತ್ತದೆ ಮಾವ. ಕಟ್ಟದ ಕೆಳಗೆ ಮೊದಲೇ ಇದ್ದದ್ದು ಹೋಗಿಯೇ ಹೋಗುತ್ತದೆ.

ಈಗ ನನಗೆ ತುಂಬ ಇಷ್ಟವಾದ, ಹಾಗೆಯೇ ತುಂಬ ಹೆದರಿಸುವ ವಿಷಯ. ಕರುಳಿಗೆ ರಕ್ತ ತರುವ ನಾಳ ಗಟ್ಟಿ ಗೋಡೆಯದ್ದು, ಅದರಲ್ಲಿ ಒತ್ತಡ ಜಾಸ್ತಿ. ರಕ್ತ ವಾಪಸ್ ಒಯ್ಯುವ ನಾಳ ಮೆತ್ತಗಿನದು. ಕರುಳಿನ ಒಂದು ಕುಣಿಕೆ ತಿರುಚಿದರೆ ಅಥವಾ ಕಿರಿದಾದ ಸಂದಿಯಲ್ಲಿ ಸಿಕ್ಕಿಬಿದ್ದರೆ ಮೊದಲು ಅಮುಕಿಹೋಗುವುದು ಈ ಮೆತ್ತಗಿನ ನಾಳ. ರಕ್ತ ಒಳಗೆ ಬರುತ್ತಲೇ ಇರುತ್ತದೆ, ಹೊರಗೆ ಹೋಗುವುದಿಲ್ಲ. ಪಂಪು ಓಡುತ್ತಿದೆ, ತೋಟದ ಗೇಟ್‌ವಾಲ್ವ್ ಮುಚ್ಚಿದೆ, ಹಾಗೆ. ಬೆರಳಿಗೆ ದಾರ ಬಿಗಿಯಾಗಿ ಸುತ್ತಿ ನೋಡಿ: ತುದಿ ಕೆಂಪಾಗಿ, ಊದಿ, ನೀಲಿಯಾಗುತ್ತದೆ. ಜಾತ್ರೆಯ ನೂಕುನುಗ್ಗಲಲ್ಲಿ ಬರುವ ಬಾಗಿಲು ತೆರೆದು ಹೋಗುವ ಬಾಗಿಲು ಹಾಕಿದರೂ ಇದೇ ಕಥೆ. ಊತ ಏರಿ ಏರಿ ಕೊನೆಗೆ ಒಳಬರುವ ರಕ್ತವೂ ನಿಲ್ಲುತ್ತದೆ, ಕರುಳು ಕೊಳೆಯಲು ತೊಡಗುತ್ತದೆ. ಬಿಟ್ಟು ಬಿಟ್ಟು ಬರುತ್ತಿದ್ದ ನೋವು ಬಿಡದೆ ನಿಂತಿತು, ಜ್ವರ ಬಂತು ಅಂದರೆ ಈ ಹಂತ ಬಂದಿದೆ ಎಂದು ಡಾಕ್ಟರು ಹೆದರುತ್ತಾರೆ. ಆಗ ಉಳಿಯುವುದು ಗಂಟೆಗಳ ಲೆಕ್ಕ. ಗಡಿಯ ಆಚೆ ಮಂಗಳೂರಿಗೆ ಓಡಬೇಕಾದ ನಮಗೆ ಆ ಲೆಕ್ಕ ಚೆನ್ನಾಗಿ ಗೊತ್ತು. 2020ರ ಮಾರ್ಚ್‌ನಲ್ಲಿ ಕೊರೊನಾ ಎಂದು ತಲಪಾಡಿಯ ಕೇರಳ-ಕರ್ನಾಟಕ ಗಡಿ ಮುಚ್ಚಿದ್ದನ್ನು ಇಲ್ಲಿ ಯಾರೂ ಮರೆತಿಲ್ಲ.

ಮಂಗಳೂರಿನ ಡಾಕ್ಟರು ಹಲಸಿನ ಸುದ್ದಿಯನ್ನೇ ಎತ್ತಲಿಲ್ಲ. "ಅಮ್ಮ, ಹೊಟ್ಟೆಗೆ ಮೊದಲು ಯಾವಾಗಾದ್ರೂ ಆಪರೇಷನ್ ಆಗಿದ್ಯಾ?" ಎಂದರು. ಆಗಿತ್ತು, ಇಪ್ಪತ್ತು ವರ್ಷದ ಹಿಂದೆ, ಗರ್ಭಕೋಶದ್ದು. ಆಮೇಲೆ ತೊಡೆಸಂದಿ ಮುಟ್ಟಿ ನೋಡಿದರು. ಅಲ್ಲಿ ಹರ್ನಿಯಾ ಇದ್ದರೆ ಅದರೊಳಗೆ ಕರುಳು ಸಿಕ್ಕಿಕೊಂಡಿರಬಹುದು, ನಾಚಿಕೆಗೆ ಜನ ಹೇಳುವುದಿಲ್ಲ. ನಮ್ಮ ದೇಶದಲ್ಲಿ ಕರುಳಿನ ಕ್ಷಯವೂ ದಾರಿಯನ್ನು ಕಿರಿದು ಮಾಡುತ್ತದೆ. ಮಕ್ಕಳಲ್ಲಿ ಜಂತುಹುಳದ ಉಂಡೆ, ಕೆಲವು ದೊಡ್ಡವರಲ್ಲಿ ಗಡ್ಡೆ.

ಹಳೆಯ ಆಪರೇಷನ್ ಇಪ್ಪತ್ತು ವರ್ಷ ಬಿಟ್ಟು ಹೇಗೆ ಕಾಡುತ್ತದೆ? ಕೈ ತಾಗಿದ, ಒಣಗಿದ, ಗಾಯವಾದ ಕಡೆಯಲ್ಲೆಲ್ಲ ಒಂದು ಅಂಟುರಸ ಒಸರುತ್ತದೆ. ಹಲಸಿನ ಮೇಣದ ಹಾಗೆ. ಕೆಲವು ದಿನಗಳಲ್ಲಿ ದೇಹವೇ ಅದರಲ್ಲಿ ಬಹಳಷ್ಟನ್ನು ಕರಗಿಸುತ್ತದೆ. ಕರಗದೆ ಉಳಿದದ್ದು ನಾರಾಗಿ ಗಟ್ಟಿಯಾಗುತ್ತದೆ. ಇದೇ ಅಡ್ಹೀಶನ್. ಆ ನಾರು ವರ್ಷಗಟ್ಟಲೆ ಸುಮ್ನೆ ಇದ್ದು, ಒಂದು ದಿನ ಕರುಳಿನ ಕುಣಿಕೆ ಅದರಡಿ ನುಸುಳಿದಾಗ ಉರುಳಾಗುತ್ತದೆ. ಸರ್ಜನ್‌ಗಳ ಗ್ಲೌಸಿನ ಪೌಡರಿನಿಂದಲೂ ಇಂಥ ಅಂಟು ಹುಟ್ಟುತ್ತದೆ. ಅಮೆರಿಕ ಪೌಡರ್ ಗ್ಲೌಸನ್ನು ನಿಷೇಧಿಸಲು ನಿರ್ಧರಿಸಿದ್ದು 2016ರಲ್ಲಿ. ಇಷ್ಟು ತಡವಾಗಿ!

ನಿಲ್ಲಿಸಿ ತೆಗೆದ ಎಕ್ಸ್‌ರೇಯಲ್ಲಿ ಮೇಲೆ ಗಾಳಿ, ಕೆಳಗೆ ನೀರು, ನಡುವೆ ಗೆರೆ ಎಳೆದಂಥ ಮಟ್ಟ. ಅಂಥವು ಮೆಟ್ಟಿಲಿನ ಹಾಗೆ ಐದಾರು. ಕರುಳು 3 ಸೆಂಟಿಮೀಟರಿಗಿಂತ ಜಾಸ್ತಿ ಹಿಗ್ಗಿತ್ತು. ಕಟ್ಟ ಎಲ್ಲಿದೆ, ಕರುಳಿನ ಗೋಡೆಗೆ ರಕ್ತ ಹೋಗುತ್ತಿದೆಯಾ ಎಂದು ತೋರಿಸುವುದು ಸಿಟಿ ಸ್ಕ್ಯಾನ್.

ಹಾಗಂತ ಕೂಡಲೇ ಕತ್ತರಿ ಹಿಡಿಯುವುದಿಲ್ಲ. ಕ್ರಿಸ್ತಪೂರ್ವ 4ನೇ ಶತಮಾನದ ಗ್ರೀಕ್ ವೈದ್ಯ ಪ್ರಾಕ್ಸಾಗೊರಸ್ ಹೊಟ್ಟೆ ಸೀಳಿ ಕಟ್ಟಿದ ಕರುಳು ಬಿಡಿಸುತ್ತಿದ್ದನಂತೆ, ಅರಿವಳಿಕೆ ಇಲ್ಲದೆ! 1930ರ ದಶಕದಲ್ಲಿ ಅಮೆರಿಕದ ಮಿನ್ನೆಸೋಟದ ಸರ್ಜನ್ ಓವನ್ ವಾಂಗನ್‌ಸ್ಟೀನ್ ಬೇರೆ ದಾರಿ ಹಿಡಿದ. ಮೂಗಿನಿಂದ ಹೊಟ್ಟೆಗೆ ನಳಿಗೆ ಇಳಿಸಿದ. ಮೇಲಿನ ಬಾಟಲಿಯಿಂದ ಕೆಳಗಿನದಕ್ಕೆ ನೀರು ಇಳಿಯುವ ಸೆಳೆತದಲ್ಲೇ ಒಳಗಿನ ಗಾಳಿ ನೀರನ್ನು ಎಳೆದುಬಿಟ್ಟ. ಗುಡ್ಡದ ನೀರನ್ನು ಪಂಪಿಲ್ಲದೆ ಪೈಪಿನಲ್ಲಿ ತೋಟಕ್ಕೆ ಇಳಿಸುವ ನಮ್ಮವರಿಗೆ ಇದು ಕೂಡಲೇ ಅರ್ಥವಾದೀತು. ಇವತ್ತಿಗೂ ನಳಿಗೆ, ಡ್ರಿಪ್ ಮತ್ತು ಉಪವಾಸದಲ್ಲೇ ಅಂಟಿನ ಕಟ್ಟು ಬಹಳಷ್ಟು ಮಂದಿಗೆ ತಾನಾಗಿ ಬಿಡುತ್ತದೆ. ನಳಿಗೆಯಲ್ಲಿ ಎಕ್ಸ್‌ರೇಗೆ ಕಾಣುವ ಔಷಧಿ ಬಿಟ್ಟು ಕಾಯುವುದೂ ಉಂಟು. ಅದು 24 ಗಂಟೆಯೊಳಗೆ ದೊಡ್ಡ ಕರುಳು ತಲುಪಿದರೆ ಸಾಮಾನ್ಯವಾಗಿ ಆಪರೇಷನ್ ಬೇಡ.

ದೊಡ್ಡಮ್ಮನಿಗೆ ತಲುಪಲಿಲ್ಲ. ಮರುದಿನ ನೋವು ಬಿಡದೆ ನಿಂತಿತು, ಕೂಡಲೇ ಆಪರೇಷನ್ ಮಾಡಿದರು. ಆಮೇಲೆ ಸರ್ಜನ್ ಮೊಬೈಲಿನಲ್ಲಿ ಫೋಟೋ ತೋರಿಸಿದರು. ಬಾಳೆನಾರಿನಷ್ಟು ದಪ್ಪದ ಒಂದು ಎಳೆ, ಅದರಡಿ ನೇರಳೆ ಬದನೆಯ ಬಣ್ಣದ ಕರುಳು. ಎಳೆ ಕತ್ತರಿಸಿ, ಕರುಳನ್ನು ಬಿಸಿ ಸಲೈನಿನ ಬಟ್ಟೆಯಲ್ಲಿ ಸುತ್ತಿ ಹದಿನೈದು ನಿಮಿಷ ಕಾದರಂತೆ. ಬಣ್ಣ ತಿರುಗುತ್ತದೆಯಾ, ಹೊಳಪು ಬರುತ್ತದೆಯಾ, ಚಿವುಟಿದರೆ ಮಿಸುಕುತ್ತದೆಯಾ ಎಂದು. ಹೆಚ್ಚಿನ ಭಾಗ ಗುಲಾಬಿ ಬಣ್ಣಕ್ಕೆ ಬಂತು. ಬಾರದ ಒಂದು ಗೇಣನ್ನು ತೆಗೆದು ತುದಿಗಳನ್ನು ಹೊಲಿದರು. ಈ ಹೊಲಿಗೆಯೂ ನಾಳೆ ಅಂಟು ಹುಟ್ಟಿಸಬಹುದು ಎಂದು ಅವರೇ ಹೇಳಿದರು.

ಆಮೇಲೆ ದಿನಾ ಬೆಳಗ್ಗೆ ರೌಂಡಿಗೆ ಬಂದ ಡಾಕ್ಟರ ಪ್ರಶ್ನೆ ಒಂದೇ: "ಅಮ್ಮ, ಗ್ಯಾಸ್ ಹೋಯ್ತಾ?" ಕರುಳು ಮತ್ತೆ ಕೆಲಸ ಶುರು ಮಾಡಿತು ಎಂಬುದಕ್ಕೆ ಅದೇ ಗುರುತು. ನಾಲ್ಕನೇ ದಿನ ದೊಡ್ಡಮ್ಮ ನಾಚಿಕೊಂಡು ಹೂಂ ಅಂದರು. ಮಾವ ನನ್ನ ಮುಖ ನೋಡಿ, "ನಾನು ಮೊದಲೇ ಹೇಳ್ಲಿಲ್ವಾ, ಗ್ಯಾಸ್ ಅಂತ?" ಎಂದರು.