ಪದ ಪರಿಚಯ: ಮೊಲಸ್ಕಮ್ ಕಂಟೇಜಿಯೋಸಮ್

ಮಗುವಿನ ಕಂಕುಳಲ್ಲಿ, ಮೊಣಕಾಲಿನ ಹಿಂದೆ, ಕುತ್ತಿಗೆಯ ಬಳಿ ಸಣ್ಣ ಸಣ್ಣ ಗುಳ್ಳೆಗಳು ಏಳುತ್ತವೆ. ಅವು ನೋಯುವುದಿಲ್ಲ. ಮುತ್ತಿನ ಹಾಗೆ ಹೊಳೆಯುತ್ತವೆ, ನಡುವೆ ಚಿಕ್ಕದೊಂದು ಗುಳಿ ಇರುತ್ತದೆ. ಮನೆಯವರು ನರಹುಲಿ ಇರಬೇಕು ಅಂದುಕೊಳ್ಳುತ್ತಾರೆ. ಡಾಕ್ಟರು ನೋಡಿ ‘ಮೊಲಸ್ಕಮ್’ ಅನ್ನುತ್ತಾರೆ. ಪೂರ್ತಿ ಹೆಸರು ಮೊಲಸ್ಕಮ್ ಕಂಟೇಜಿಯೋಸಮ್.

ಇದು ವೈರಸ್‌ನಿಂದ ಬರುವ, ಒಬ್ಬರಿಂದ ಒಬ್ಬರಿಗೆ ಅಂಟುವ ಚರ್ಮದ ಸೋಂಕು. ಸಿಡುಬಿನ ವೈರಸ್ ಇರುವ ಪಾಕ್ಸ್ ಕುಟುಂಬಕ್ಕೇ ಇದೂ ಸೇರಿದೆ. ಆದರೆ ಗಾಬರಿ ಬೇಡ, ಸ್ವಭಾವ ತೀರಾ ಬೇರೆ. ಇದು ರಕ್ತದಲ್ಲಿ ಸೇರಿ ಮೈಯೊಳಗೆ ಹರಡುವುದಿಲ್ಲ, ಚರ್ಮದ ಮೇಲ್ಪದರದಲ್ಲೇ ಉಳಿಯುತ್ತದೆ. ಮೈಗೆ ಮೈ ತಗುಲಿದರೆ, ಒಂದೇ ಟವೆಲ್ ಬಳಸಿದರೆ ಅಂಟುತ್ತದೆ. ಗುಳ್ಳೆಯನ್ನು ಕೆರೆದ ಬೆರಳಿನಿಂದ ಅದೇ ಮಗುವಿನ ಮೈಯ ಬೇರೆ ಕಡೆಗೂ ಹೋಗುತ್ತದೆ. ವೈರಸ್ ತಗುಲಿ ಗುಳ್ಳೆ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 2ರಿಂದ 7 ವಾರ ಬೇಕು, ಕೆಲವೊಮ್ಮೆ 6 ತಿಂಗಳಾಗಬಹುದು. ಹಾಗಾಗಿ ಯಾರಿಂದ ಬಂತು ಎಂದು ಹುಡುಕುತ್ತಾ ಕೂರುವುದರಲ್ಲಿ ಅರ್ಥವಿಲ್ಲ.

ಆರೋಗ್ಯವಾಗಿರುವ ಮಗುವಿಗೆ ಇದು ಬಂದರೆ ಡಾಕ್ಟರು ಸಾಮಾನ್ಯವಾಗಿ ಹೇಳುವುದು ಒಂದೇ ಮಾತು: ಸುಮ್ನೆ ಬಿಡಿ, ತಾನಾಗೇ ಹೋಗುತ್ತದೆ. ಅದು ಸರಿಯಾದ ಸಲಹೆಯೇ. 6ರಿಂದ 12 ತಿಂಗಳಲ್ಲಿ ಹೆಚ್ಚಿನ ಮಕ್ಕಳಲ್ಲಿ ಮಾಯವಾಗುತ್ತದೆ. ಕೆಲವರಲ್ಲಿ 4 ವರ್ಷದವರೆಗೂ ಎಳೆಯಬಹುದು. ಆದರೆ ಈ ‘ತಾನಾಗೇ’ ಅನ್ನುವುದರ ಹಿಂದೆ ಕೆಲಸ ಮಾಡುವುದು ಮಗುವಿನ ರೋಗನಿರೋಧಕ ಶಕ್ತಿ. ಅದು ವೈರಸ್ಸನ್ನು ಗುರುತಿಸಿ ಮೇಲೆ ಬಿದ್ದಾಗಲೇ ಗುಳ್ಳೆ ಕರಗುವುದು. ಆ ಶಕ್ತಿಯೇ ಕುಗ್ಗಿದ್ದರೆ?

ರಕ್ತದ ಕ್ಯಾನ್ಸರ್‌ಗೆ ಕೀಮೋಥೆರಪಿ ನಡೆಯುತ್ತಿರುವ ಮಗು, ಕಿಡ್ನಿ ಅಥವಾ ಲಿವರ್ ಕಸಿ ಆಗಿ ಅದಕ್ಕಾಗಿ ನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ದಿನಾ ನುಂಗುವ ಮಗು, ಎಚ್‌ಐವಿ ಇರುವ ಮಗು, ಹುಟ್ಟಿನಿಂದಲೇ ನಿರೋಧಕ ಶಕ್ತಿಯಲ್ಲಿ ಕೊರತೆ ಇರುವ ಮಗು, ತುಂಬಾ ಕಾಲ ಸ್ಟೀರಾಯ್ಡ್ ತೆಗೆದುಕೊಳ್ಳುವ ಮಗು. ಇವರೆಲ್ಲ ಶಾಲೆಗೆ ಹೋಗುತ್ತಾರೆ, ಆಡುತ್ತಾರೆ. ಇವರಿಗೆ ಮೊಲಸ್ಕಮ್ ಬಂದರೆ ಲೆಕ್ಕ ಬೇರೆ. ಸಾಮಾನ್ಯವಾಗಿ 2ರಿಂದ 5 ಮಿಲಿಮೀಟರ್ ಇರುವ ಗುಳ್ಳೆ 1 ಸೆಂಟಿಮೀಟರ್ ದಾಟಿ ಬೆಳೆಯಬಹುದು. ಹತ್ತಿಪ್ಪತ್ತರ ಜಾಗದಲ್ಲಿ ನೂರಾರು ಏಳಬಹುದು, ಮುಖದ ಮೇಲೂ ಹರಡಬಹುದು. ವರ್ಷ ಕಳೆದರೂ ಹೋಗದೇ ಇರಬಹುದು. ಅಕ್ಕಪಕ್ಕದ ಮನೆಯ ಮಗುವಿಗೆ ಕೊಟ್ಟ ‘ಸುಮ್ನೆ ಬಿಡಿ’ ಸಲಹೆಯನ್ನು ಈ ಮಗುವಿಗೆ ಹಾಗೇ ಹಾಕಿಬಿಡಬಾರದು.

ಇನ್ನೊಂದು ಕಾರಣವೂ ಇದೆ. ನಿರೋಧಕ ಶಕ್ತಿ ತೀರಾ ಕುಸಿದವರಲ್ಲಿ, ಅದರಲ್ಲೂ ಎಚ್‌ಐವಿ ಮುಂದುವರಿದ ಹಂತದಲ್ಲಿ, ಕ್ರಿಪ್ಟೊಕಾಕಸ್‌ನಂಥ ಫಂಗಸ್ ಸೋಂಕು ಚರ್ಮದ ಮೇಲೆ ಥೇಟ್ ಮೊಲಸ್ಕಮ್‌ನಂತೆಯೇ ಕಾಣಿಸಬಹುದು. ಅದು ಮೆದುಳಿಗೂ ತಲುಪಬಲ್ಲ ಸೋಂಕು. ಹಾಗಾಗಿ ಇಂಥ ಮಕ್ಕಳ ಗುಳ್ಳೆಯನ್ನು ಫೋಟೋದಲ್ಲಿ ನೋಡಿ ತೀರ್ಮಾನಿಸುವುದು ತಪ್ಪು. ಚರ್ಮದ ಡಾಕ್ಟರೇ ಮುಟ್ಟಿ ನೋಡಬೇಕು. ಅನುಮಾನ ಇದ್ದರೆ ಚೂರು ಚರ್ಮ ತೆಗೆದು ಬಯಾಪ್ಸಿ ಮಾಡುತ್ತಾರೆ.

ಕೆಂಪಾಗುವುದರ ವಿಷಯ ಸ್ವಲ್ಪ ಗೊಂದಲದ್ದು. ಆರೋಗ್ಯವಂತ ಮಗುವಿನಲ್ಲಿ ಗುಳ್ಳೆ ಇದ್ದಕ್ಕಿದ್ದಂತೆ ಕೆಂಪಾಗಿ ಊದಿಕೊಂಡರೆ ಅದು ಎಷ್ಟೋ ಸಲ ಒಳ್ಳೆಯ ಸೂಚನೆ. ದೇಹ ಎಚ್ಚೆತ್ತು ವೈರಸ್ ಜೊತೆ ಹೋರಾಡುತ್ತಿದೆ ಎಂದರ್ಥ. ನಿರೋಧಕ ಶಕ್ತಿ ಕಡಿಮೆ ಇರುವ ಮಗುವಿನಲ್ಲಿ ಹಾಗೆಂದು ಸಮಾಧಾನ ಮಾಡಿಕೊಳ್ಳಬೇಡಿ. ಕೆರೆದ ಗಾಯದೊಳಗೆ ಬ್ಯಾಕ್ಟೀರಿಯಾ ಹೊಕ್ಕಿರಬಹುದು. ಬಿಳಿ ರಕ್ತಕಣ ತೀರಾ ಕಡಿಮೆ ಇದ್ದರೆ ಕೀವು ಕೂಡ ಸರಿಯಾಗಿ ಕಟ್ಟುವುದಿಲ್ಲ, ಜ್ವರ ಒಂದೇ ಗುರುತು. ಕೀಮೋ ನಡೆಯುತ್ತಿರುವ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ಜ್ವರ ಬಂದರೆ ಬೆಳಗಾಗಲಿ ಎಂದು ಕಾಯದೆ, ಆ ಹೊತ್ತಿಗೇ ಆಸ್ಪತ್ರೆಗೆ ಫೋನ್ ಮಾಡಿ ಹೊರಡಬೇಕು.

ಚಿಕಿತ್ಸೆ ಹಲವು ಬಗೆಯದು. ಗುಳ್ಳೆಯನ್ನು ಕೆರೆದು ತೆಗೆಯುತ್ತಾರೆ, ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುತ್ತಾರೆ, ಇಲ್ಲವೇ ಔಷಧಿ ಹಚ್ಚುತ್ತಾರೆ. ಕ್ಯಾಂಥರಿಡಿನ್ ಎಂಬ ಹಚ್ಚುವ ಔಷಧಿಗೆ 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2 ವರ್ಷ ದಾಟಿದವರಿಗೆಂದು ಒಪ್ಪಿಗೆ ಕೊಟ್ಟಿತು. ಅದನ್ನು ಕ್ಲಿನಿಕ್‌ನಲ್ಲೇ ಹಚ್ಚುತ್ತಾರೆ. ನಿರೋಧಕ ಶಕ್ತಿ ಕುಗ್ಗಿದ ಮಕ್ಕಳ ವಿಷಯದಲ್ಲಿ ಯಾವ ಚಿಕಿತ್ಸೆ ಅನ್ನುವುದಕ್ಕಿಂತ ಯಾವಾಗ ಅನ್ನುವುದು ದೊಡ್ಡದು. ಪ್ಲೇಟ್‌ಲೆಟ್ ಕಡಿಮೆ ಇರುವಾಗ ಕೆರೆದರೆ ರಕ್ತ ನಿಲ್ಲುವುದು ಕಷ್ಟ. ಬಿಳಿ ಕಣ ಕಡಿಮೆ ಇರುವಾಗ ಮಾಡಿದ ಸಣ್ಣ ಗಾಯವೂ ಸೋಂಕಾಗಬಹುದು. ಆದ್ದರಿಂದ ಚರ್ಮದ ಡಾಕ್ಟರು ಮತ್ತು ಮಗುವಿನ ಮೂಲ ಕಾಯಿಲೆ ನೋಡುವ ಡಾಕ್ಟರು ಮಾತಾಡಿಕೊಂಡು ದಿನ ಗೊತ್ತುಮಾಡಬೇಕು. ಗುಳ್ಳೆ ತೆಗೆಯುವಾಗ ನೋಯದಿರಲೆಂದು ಕೊಡುವ ಮರಗಟ್ಟಿಸುವ ಕ್ರೀಮನ್ನೂ ಡಾಕ್ಟರು ಹೇಳಿದಷ್ಟೇ ಹಚ್ಚಿ. ಚಿಕ್ಕ ಮಕ್ಕಳಿಗೆ ಜಾಸ್ತಿ ಜಾಗಕ್ಕೆ ಬಳಿದರೆ ರಕ್ತದ ಆಮ್ಲಜನಕ ಸಾಗಿಸುವ ಶಕ್ತಿಗೇ ಪೆಟ್ಟು ಬೀಳಬಹುದು. ಗುಳ್ಳೆ ಹೋಗಲಿ ಎಂದು ಕಸಿಯ ಮಾತ್ರೆಯನ್ನೋ ಸ್ಟೀರಾಯ್ಡನ್ನೋ ನೀವೇ ನಿಲ್ಲಿಸುವುದಂತೂ ಖಂಡಿತ ಬೇಡ. ಎಚ್‌ಐವಿ ಇರುವ ಮಗುವಿಗೆ ಆ ವೈರಸ್ಸನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆ ತಪ್ಪದೆ ಸಿಕ್ಕರೆ, ನಿರೋಧಕ ಶಕ್ತಿ ಚೇತರಿಸಿದಂತೆ ಗುಳ್ಳೆಯೂ ಕಡಿಮೆಯಾಗುವುದುಂಟು.

ಶಾಲೆ? ಮೊಲಸ್ಕಮ್ ಬಂತೆಂದು ಯಾವ ಮಗುವನ್ನೂ ಮನೆಯಲ್ಲಿ ಕೂರಿಸಬೇಕಿಲ್ಲ. ಈಗಾಗಲೇ ಆಸ್ಪತ್ರೆಯಲ್ಲಿ ಎಷ್ಟೋ ದಿನ ಕಳೆದ ಮಗುವನ್ನು ಗುಳ್ಳೆಯ ನೆಪದಲ್ಲಿ ಗೆಳೆಯರಿಂದ ದೂರ ಇಡುವುದು ಅನ್ಯಾಯ ಅಲ್ವಾ? ಬಟ್ಟೆ ಅಥವಾ ಬ್ಯಾಂಡೇಜ್‌ನಿಂದ ಗುಳ್ಳೆ ಮುಚ್ಚಿದ್ದರೆ ಸಾಕು. ಈಜುವಾಗ ನೀರು ಹೋಗದ ಬ್ಯಾಂಡೇಜ್ ಹಾಕಿ. ಟವೆಲ್ ಬೇರೆ ಇರಲಿ, ಉಗುರು ಗಿಡ್ಡ ಇರಲಿ. ಎಕ್ಸಿಮಾ (ಚರ್ಮ ಒಣಗಿ ತುರಿಸುವ ಕಾಯಿಲೆ) ಇದ್ದರೆ ಚರ್ಮ ಒಣಗದಂತೆ ದಿನಾ ಕ್ರೀಮ್ ಹಚ್ಚಿ, ತುರಿಕೆ ತಗ್ಗಿದರೆ ಹರಡುವುದೂ ತಗ್ಗುತ್ತದೆ.

ಟೀಚರ್‌ಗೆ ಒಂದು ಮಾತು ಮೊದಲೇ ಹೇಳಿಡಿ. ತರಗತಿಯಲ್ಲಿ ಯಾರಿಗಾದರೂ ಚಿಕನ್‌ಪಾಕ್ಸ್ ಬಂದರೆ ಅವತ್ತೇ ನಿಮಗೆ ತಿಳಿಸಬೇಕು. ಅದು ಮೊಲಸ್ಕಮ್‌ನಂತೆ ನಿಧಾನದ ಸೋಂಕಲ್ಲ. ನಿರೋಧಕ ಶಕ್ತಿ ಕುಗ್ಗಿದ ಮಗುವಿನ ಜೀವಕ್ಕೇ ಅಪಾಯ ತರಬಹುದು. ಅದಕ್ಕೆ ಕೊಡುವ ಆ್ಯಂಟಿಬಾಡಿ ಇಂಜೆಕ್ಷನ್, ಸೋಂಕಿತರ ಸಂಪರ್ಕವಾದ ಮೇಲೆ ಎಷ್ಟು ಬೇಗ ಬಿದ್ದರೆ ಅಷ್ಟು ಒಳ್ಳೆಯದು, 10 ದಿನ ದಾಟಬಾರದು.