ಕೆಳಗೈಯಿಂದ ಎಸೆದ ಚೆಂಡು

ಫ್ಲೋರಿಡಾ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡ 2016-17ರಲ್ಲಿ ಎಲ್ಲಿಗೆ ಆಡಲು ಹೋದರೂ ಎದುರಾಳಿ ಪ್ರೇಕ್ಷಕರಿಗೆ ನಗಲು ಒಂದು ನೆಪ ಸಿಗುತ್ತಿತ್ತು. ಆರೂವರೆ ಅಡಿ ಎತ್ತರದ ಕ್ಯಾನ್ಯನ್ ಬ್ಯಾರಿ ಫ್ರೀ ಥ್ರೋ, ಅಂದರೆ ಎದುರಾಳಿಯ ತಪ್ಪಿಗಾಗಿ ಸಿಗುವ, ಯಾರೂ ಅಡ್ಡ ಬಾರದ ಎಸೆತದ ಗೆರೆಗೆ ಬಂದು ನಿಲ್ಲುತ್ತಿದ್ದರು. ಚೆಂಡಿನ ಎರಡೂ ಪಕ್ಕಗಳನ್ನು ಅಂಗೈಗಳಲ್ಲಿ ಹಿಡಿದು, ಮೊಣಕಾಲು ತುಸು ಮಡಿಸಿ, ತುಂಬಿದ ಬಕೆಟ್ಟನ್ನು ಕಟ್ಟೆಯ ಮೇಲೆ ಇಡುವವರ ಹಾಗೆ ತೊಡೆಗಳ ನಡುವಿನಿಂದ ಮೇಲಕ್ಕೆ ತೂಗಿ ಬಿಡುತ್ತಿದ್ದರು. ಅಮೆರಿಕದಲ್ಲಿ ಇದಕ್ಕೆ ‘ಅಜ್ಜಿಯ ಎಸೆತ’ ಎಂಬ ಅಡ್ಡಹೆಸರಿದೆ. ನಗು ಮುಗಿಯುವ ಮೊದಲೇ ಚೆಂಡು ಬಹುತೇಕ ಬಲೆಯೊಳಗೆ ಇರುತ್ತಿತ್ತು. ಆ ವರ್ಷ ಅವರ ಫ್ರೀ ಥ್ರೋಗಳಲ್ಲಿ ಶೇಕಡ 88ಕ್ಕೂ ಹೆಚ್ಚು ಗುರಿ ಮುಟ್ಟಿದವು. ಕಾಲೇಜು ಆಟಗಾರರ ಸರಾಸರಿ ಹಲವು ದಶಕಗಳಿಂದ 70ರ ಆಸುಪಾಸಿನಲ್ಲೇ ನಿಂತಿದೆ. ಸತತ 42 ಎಸೆತಗಳನ್ನು ಗುರಿಗೆ ಹಾಕಿ ಅವರು ತಮ್ಮ ವಿಶ್ವವಿದ್ಯಾಲಯದ ದಾಖಲೆಯನ್ನೂ ಮುರಿದರು.

ಕ್ಯಾನ್ಯನ್ ಅವರ ತಂದೆ ರಿಕ್ ಬ್ಯಾರಿ. 1964-65ರಲ್ಲಿ ಮಯಾಮಿ ವಿಶ್ವವಿದ್ಯಾಲಯದ ಪರವಾಗಿ ಆಡುತ್ತ, ಪಂದ್ಯಕ್ಕೆ ಸರಾಸರಿ 37.4 ಅಂಕದಂತೆ ಗಳಿಸಿ ಇಡೀ ದೇಶದ ಕಾಲೇಜು ಆಟಗಾರರಲ್ಲಿ ಮೊದಲಿಗರಾದವರು. ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎ ಸೇರಿದ ಮೇಲೂ ಅವರು ಕೆಳಗೈಯ ಎಸೆತವನ್ನು ಬಿಡಲಿಲ್ಲ. 1978-79ರ ಋತುವಿನಲ್ಲಿ 169 ಫ್ರೀ ಥ್ರೋ ಎಸೆದು ಒಂಬತ್ತನ್ನು ಮಾತ್ರ ತಪ್ಪಿಸಿಕೊಂಡರು. ಮಗ ಮೊದಲು ಕಾಲೇಜ್ ಆಫ್ ಚಾರ್ಲ್ಸ್‌ಟನ್‌ನಲ್ಲಿ ಭೌತವಿಜ್ಞಾನ ಓದುತ್ತ ಆಡಿದರು, ಭುಜದ ಗಾಯದಿಂದ ಅಲ್ಲಿಯ ಕೊನೆಯ ಋತುವನ್ನು ಅರ್ಧಕ್ಕೇ ಬಿಟ್ಟರು, ಆಮೇಲೆ ಪರಮಾಣು ಎಂಜಿನಿಯರಿಂಗ್ ಓದಲು ಫ್ಲೋರಿಡಾಕ್ಕೆ ಬಂದರು. ಭೌತವಿಜ್ಞಾನದ ವಿದ್ಯಾರ್ಥಿ ಕೆಳಗೈಯಿಂದ ಎಸೆಯುತ್ತಾರೆ ಎಂದ ಕೂಡಲೇ ಪತ್ರಿಕೆಗಳು ಈ ಎಸೆತವೇ ಶ್ರೇಷ್ಠವೆಂದು ಭೌತವಿಜ್ಞಾನ ಸಾಧಿಸಿದೆ ಎಂಬಂತೆ ಬರೆದವು. ಲೆಕ್ಕ ಹಾಕಿ ನೋಡಿದರೆ ವಿಷಯ ಅಷ್ಟು ಸಲೀಸಲ್ಲ.

ರಿಂಗಿನ ವ್ಯಾಸ ಸುಮಾರು 45 ಸೆಂಟಿಮೀಟರು, ಚೆಂಡಿನದು 24. ನೇರ ಮೇಲಿನಿಂದ ಬೀಳುವ ಚೆಂಡಿಗೆ ರಿಂಗು ಪೂರ್ಣ ವೃತ್ತವಾಗಿ ತೆರೆದಿರುತ್ತದೆ. ಓರೆಯಾಗಿ ಬರುವ ಚೆಂಡಿನ ಪಾಲಿಗೆ ಅದೇ ರಿಂಗು ಚಪ್ಪಟೆಯಾದ ಅಂಡಾಕಾರ. ಚೆಂಡು ಇಳಿಯುವ ದಾರಿ ನೆಲದ ಮಟ್ಟಕ್ಕೆ 32 ಡಿಗ್ರಿಗಿಂತ ಕಡಿಮೆ ಓರೆಯಲ್ಲಿದ್ದರೆ ಅದು ರಿಂಗಿನ ಅಂಚನ್ನು ಮುಟ್ಟದೆ ಒಳಗೆ ಹೋಗುವುದು ಸಾಧ್ಯವೇ ಇಲ್ಲ. 40 ಡಿಗ್ರಿಯಲ್ಲಿ ಇಳಿದರೆ ತೆರಪು 29 ಸೆಂಟಿಮೀಟರಿನಷ್ಟಾಗಿ, ಚೆಂಡಿನ ಆಚೀಚೆ ಒಟ್ಟು ಐದು ಸೆಂಟಿಮೀಟರು ಉಳಿಯುತ್ತದೆ. ಎಸೆಯುವ ಗೆರೆಯಿಂದ ರಿಂಗಿನ ನಡುವಿಗೆ ಸುಮಾರು 4.2 ಮೀಟರು ದೂರ, ರಿಂಗಿನ ಎತ್ತರ 3.05 ಮೀಟರು. ಮೇಲ್ಗೈಯಿಂದ ಎಸೆಯುವವರ ಚೆಂಡು ಎರಡು ಮೀಟರಿಗೂ ಹೆಚ್ಚು ಎತ್ತರದಲ್ಲಿ ಕೈ ಬಿಡುತ್ತದೆ. ಅಲ್ಲಿಂದ ಅತಿ ಕಡಿಮೆ ವೇಗದಲ್ಲಿ ರಿಂಗು ಮುಟ್ಟಿಸುವ ಕೋನ 51 ಡಿಗ್ರಿಯ ಹತ್ತಿರ. ನಾರ್ತ್ ಕ್ಯಾರೊಲೈನಾ ಸ್ಟೇಟ್ ವಿಶ್ವವಿದ್ಯಾಲಯದ ಲ್ಯಾರಿ ಸಿಲ್ವರ್‌ಬರ್ಗ್ ಮತ್ತು ಚೌ ಟ್ರಾನ್ ಕಂಪ್ಯೂಟರಿನಲ್ಲಿ ಲಕ್ಷಾಂತರ ಎಸೆತಗಳನ್ನು ಆಡಿಸಿ ಕಂಡುಕೊಂಡ ಉತ್ತಮ ಕೋನವೂ 52 ಡಿಗ್ರಿಯೇ.

ಈ ಕೋನದಲ್ಲಿ ಒಂದು ಅನುಕೂಲವಿದೆ. ಬೆಟ್ಟದ ನೆತ್ತಿಯಲ್ಲಿ ನಿಂತವರು ಒಂದು ಹೆಜ್ಜೆ ಆಚೆ ಇಟ್ಟರೂ ಈಚೆ ಇಟ್ಟರೂ ಎತ್ತರ ಹೆಚ್ಚೇನೂ ತಗ್ಗುವುದಿಲ್ಲ. ಹಾಗೆಯೇ ಇಲ್ಲಿ ಒಂದೆರಡು ಡಿಗ್ರಿ ತಪ್ಪಿದರೂ ಚೆಂಡು ಬೀಳುವ ಜಾಗ ಬಹುತೇಕ ಬದಲಾಗುವುದಿಲ್ಲ. ವೇಗದ ವಿಷಯದಲ್ಲಿ ಮಾತ್ರ ಇಂಥ ರಿಯಾಯಿತಿ ಇಲ್ಲ. ಸೆಕೆಂಡಿಗೆ ಸುಮಾರು ಏಳು ಮೀಟರಿನ ವೇಗದಲ್ಲಿ ಬರೀ ಶೇಕಡ ಒಂದರಷ್ಟು ಹೆಚ್ಚುಕಡಿಮೆಯಾದರೆ ಚೆಂಡು ಹತ್ತು ಸೆಂಟಿಮೀಟರು ಹಿಂದೆ ಮುಂದೆ ಬೀಳುತ್ತದೆ. ಹಾಗಾಗಿ ಫ್ರೀ ಥ್ರೋ ನೋಡುವವರಿಗೆ ಗುರಿ ಹಿಡಿಯುವ ಕೆಲಸದಂತೆ ಕಂಡರೂ, ಗೆರೆಯ ಮೇಲೆ ನಿಂತವರಿಗೆ ಅದು ಒಂದೇ ವೇಗವನ್ನು ಮತ್ತೆ ಮತ್ತೆ ಅಳೆದು ಕೊಡುವ ಕೆಲಸ.

ಕೆಳಗೈಯ ಎಸೆತಕ್ಕೆ ಜ್ಯಾಮಿತಿ ಸಹಾಯ ಮಾಡುವುದಿಲ್ಲ ಎಂಬುದನ್ನು ಅದರ ಅಭಿಮಾನಿಗಳು ಒಪ್ಪಿಕೊಳ್ಳಬೇಕು. ಚೆಂಡು ಎದೆಮಟ್ಟದಿಂದ ಹೊರಡುವುದರಿಂದ ಹೆಚ್ಚು ಎತ್ತರ ಏರಬೇಕು. 40 ಡಿಗ್ರಿಯಲ್ಲಿ ಇಳಿಯಬೇಕೆಂದರೆ ಹೊರಡುವಾಗ 60 ಡಿಗ್ರಿಯ ಹತ್ತಿರ ಇರಬೇಕು, ವೇಗವೂ ಸುಮಾರು ಹತ್ತನೇ ಒಂದು ಪಾಲು ಹೆಚ್ಚಿರಬೇಕು. ಅದರ ಲಾಭವೇನಿದ್ದರೂ ದೇಹದ ಕಡೆಯಿಂದ ಬರುತ್ತದೆ. ಒಂದು ಕೈಯ ಎಸೆತದಲ್ಲಿ ಭುಜ, ಮೊಣಕೈ, ಮಣಿಕಟ್ಟು, ಬೆರಳುಗಳು ಒಂದರ ಹಿಂದೆ ಒಂದರಂತೆ ಹದವಾಗಿ ತೆರೆದುಕೊಳ್ಳಬೇಕು. ಎರಡು ಕೈಯ ತೂಗಿನಲ್ಲಿ ತೋಳುಗಳು ಬಹುಮಟ್ಟಿಗೆ ನೇರವಾಗಿಯೇ ಇರುತ್ತವೆ, ಕೆಲಸ ಭುಜದ್ದು, ಮತ್ತು ಎಡಬಲಗಳ ತಪ್ಪನ್ನು ಒಂದು ಕೈ ಇನ್ನೊಂದಕ್ಕೆ ತಡೆಯುತ್ತದೆ. ಇದರ ಜೊತೆಗೆ ಚೆಂಡು ಹಿಮ್ಮುಖವಾಗಿ ತಿರುಗುತ್ತ ಹೋಗುತ್ತದೆ. ರಿಂಗಿನ ಅಂಚಿಗೆ ತಾಗಿದಾಗ ಆ ತಿರುಗು ಮುಂದಿನ ಓಟವನ್ನು ಕುಗ್ಗಿಸುವುದರಿಂದ ಚೆಂಡು ಪುಟಿದು ಹೊರಗೆ ಹೋಗದೆ ಅಲ್ಲೇ ಅತ್ತಿತ್ತ ಹೊರಳಿ ಒಳಗೆ ಬೀಳುವ ಸಂಭವ ಹೆಚ್ಚು.

ಹಿಂದೆ ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದಲ್ಲಿದ್ದು, ಆಮೇಲೆ ಯೇಲ್ ವಿಶ್ವವಿದ್ಯಾಲಯಕ್ಕೆ ಹೋದ ಮಧುಸೂದನ್ ವೆಂಕಡೇಸನ್ ಅವರು ಹಾರ್ವರ್ಡ್‌ನ ಎಲ್. ಮಹಾದೇವನ್ ಅವರ ಜೊತೆ 2017ರಲ್ಲಿ ಪ್ರಕಟಿಸಿದ ಗಣಿತವೂ ಇದರ ಹತ್ತಿರಕ್ಕೇ ಬರುತ್ತದೆ. ತೋಳನ್ನು ಸರಳ ಸನ್ನೆಕೋಲೆಂದು ಭಾವಿಸಿ ಕೈಯ ಸಣ್ಣ ತಪ್ಪುಗಳು ಗುರಿಯ ಬಳಿ ಎಷ್ಟು ದೊಡ್ಡದಾಗುತ್ತವೆ ಎಂದು ನೋಡಿದರೆ, ಭುಜಕ್ಕಿಂತ ಮೇಲಿರುವ ಹತ್ತಿರದ ಗುರಿಗೆ ಕೆಳಗೈಯ ಎಸೆತವೂ, ಭುಜಕ್ಕಿಂತ ಕೆಳಗಿನ ಗುರಿಗೆ ಮೇಲ್ಗೈಯ ಎಸೆತವೂ ಹೆಚ್ಚು ಹೊಂದುತ್ತವೆ. ನಮ್ಮ ಕಟ್ಟಡದ ಕೆಲಸಗಾರರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸಾರುವೆಯ ಮೇಲೆ ನಿಂತವರ ಕೈಗೆ ಕೆಳಗಿನಿಂದ ಇಟ್ಟಿಗೆ ಎಸೆಯುವವರು ಅದನ್ನು ಸೊಂಟದ ಬಳಿಯಿಂದ ತೂಗಿಯೇ ಎಸೆಯುತ್ತಾರೆ, ಹಿಡಿಯುವವರ ಅಂಗೈಗೆ ಬರುವಷ್ಟರಲ್ಲಿ ಇಟ್ಟಿಗೆಯ ವೇಗ ಹೆಚ್ಚುಕಡಿಮೆ ಸತ್ತಿರುತ್ತದೆ.

ಕಣದ ಸಾಕ್ಷ್ಯ ಮಾತ್ರ ತೆಳುವಾಗಿದೆ, ಏಕೆಂದರೆ ಹೀಗೆ ಎಸೆಯುವವರೇ ಬೆರಳೆಣಿಕೆಯಷ್ಟು. ಬ್ಯಾರಿ ಕುಟುಂಬದ ಯಶಸ್ಸಿನಲ್ಲಿ ಶೈಲಿಯದೆಷ್ಟು, ರಕ್ತದ್ದೆಷ್ಟು, ಅಂಗಳದ ಅಭ್ಯಾಸದ್ದೆಷ್ಟು ಎಂದು ಬಿಡಿಸುವಂತಿಲ್ಲ. ನನ್ನ ದೃಷ್ಟಿಯಲ್ಲಿ ಅವರಿಗಿಂತ ಒಳ್ಳೆಯ ಪರೀಕ್ಷೆಯೆಂದರೆ ಲೂಯಿವಿಲ್ ವಿಶ್ವವಿದ್ಯಾಲಯದ ಚಿನಾನು ಒನುವಾಕು. ಮೊದಲ ವರ್ಷ ಮೇಲ್ಗೈಯಿಂದ ಎಸೆದು ಶೇಕಡ 46.7ರಷ್ಟೇ ಗುರಿ ಮುಟ್ಟಿಸಿದ್ದ ಅವರು, ಎರಡನೆಯ ವರ್ಷ ಶೈಲಿ ಬದಲಿಸಿ 58.9ಕ್ಕೆ ಏರಿದರು. ಏರಿಕೆ ದೊಡ್ಡದೇ, ಆದರೂ ಅದು ಸರಾಸರಿಗಿಂತ ಕೆಳಗೇ ಉಳಿಯಿತು. ಇನ್ನು ಎನ್‌ಬಿಎ ಆಟಗಾರ ವಿಲ್ಟ್ ಚೇಂಬರ್ಲೇನ್ 1962ರ ಮಾರ್ಚ್ 2ರಂದು ಒಂದೇ ಪಂದ್ಯದಲ್ಲಿ ನೂರು ಅಂಕ ಗಳಿಸಿದಾಗ ಕೆಳಗೈಯಿಂದ 32ರಲ್ಲಿ 28 ಫ್ರೀ ಥ್ರೋಗಳನ್ನು ಹಾಕಿದ್ದರು. ಹಾಗೆ ಎಸೆಯಲು ನಾಚಿಕೆಯಾಗುತ್ತಿತ್ತೆಂದು ಅವರೇ ಮುಂದೆ ಒಪ್ಪಿಕೊಂಡರು. ಹಳೆಯ ಶೈಲಿಗೆ ಮರಳಿದ ಮೇಲೆ, 1967-68ರಲ್ಲಿ, ಅವರ ಗುರಿ ಶೇಕಡ 38ಕ್ಕೆ ಇಳಿದಿತ್ತು.

ಕ್ಯಾನ್ಯನ್ ಅವರಿಗೂ ಹದಿಹರೆಯದಲ್ಲಿ ಆ ನಾಚಿಕೆ ಇತ್ತು. ಕೆಳಗೈಗೆ ಹೊರಳಿದ್ದು ಹೈಸ್ಕೂಲಿನ ಕೊನೆಯ ವರ್ಷಗಳಲ್ಲಿ. ಗೆರೆಯ ಮೇಲೆ ನಿಂತಾಗ ಯಾರೋ ಪ್ರೇಕ್ಷಕರು “ನೀನು ದತ್ತುಮಗ” ಎಂದು ಕೂಗಿದ್ದನ್ನು ಅವರು ನಗುತ್ತಲೇ ನೆನೆಯುತ್ತಾರೆ. ತಂದೆ ಯಾರೆಂದು ಗೊತ್ತಿದ್ದವರು ಆ ಎಸೆತ ನೋಡಿದ ಮೇಲೆ ಹಾಗೆ ಕೂಗುವಂತಿರಲಿಲ್ಲ. ಎನ್‌ಬಿಎ ಅವರ ಪಾಲಿಗೆ ಬರಲಿಲ್ಲ. ಹೊರದೇಶಗಳ ಕ್ಲಬ್ಬುಗಳಲ್ಲಿ ಆಡಿದರು, ಎಂಜಿನಿಯರಾಗಿ ನೌಕರಿ ಮಾಡಿದರು, ಮತ್ತು ಮೂವರು ಮೂವರಂತೆ ಆಡುವ ಬ್ಯಾಸ್ಕೆಟ್‌ಬಾಲ್‌ನಲ್ಲಿ 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಅಮೆರಿಕದ ತಂಡದೊಂದಿಗೆ ಹೋದರು. ಪದಕ ಸಿಗಲಿಲ್ಲ. ಎಸೆತದ ಶೈಲಿ ಮಾತ್ರ ಅಲ್ಲಿಯೂ ಅದೇ ಇತ್ತು.